ಕೊರಿಯನ್ನರ ಜೊತೆ ಹರಟುವಾಗ ಅರ್ಥ ತಪ್ಪಿದರೆ ಸರಿಮಾಡಿಕೊಳ್ಳೋದು ಹೇಗೆ?

ದಾವಣಗೆರೆಯಲ್ಲಿ ಎದುರು ಸಿಕ್ಕವರನ್ನು ‘ಊಟ ಆಯ್ತಾ?’ ಅಂತ ಮಾತಾಡಿಸುತ್ತೇವೆ. ಕೊರಿಯನ್ನರೂ ‘ಪಾಪ್ ಮಗಸ್ಸಯೊ?’ ಅನ್ನುತ್ತಾರೆ. ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ನನ್ನಮ್ಮ’ನಿಗಿಂತ ‘ನಮ್ಮಮ್ಮ’ನೇ ಬಾಯಿಗೆ ಬರುತ್ತಾಳೆ. ಕಲಿಯುವವರು ಎಡವೋದು ಈ ಹೋಲಿಕೆಯಲ್ಲೇ: ಪದ ಕೊರಿಯನ್, ಮಾತು ಕನ್ನಡದ್ದು. (ಇಲ್ಲಿನ ಕೊರಿಯನ್ ಪದಗಳಲ್ಲಿ ‘ಅ’ ಅಂದರೆ ಅ-ಒ ನಡುವಿನ, ತುಟಿ ದುಂಡಗಾಗದ ಸ್ವರ.)

ಹೆಚ್ಚು ಗೊಂದಲ ‘ಇಲ್ಲ’ದ್ದು. ‘ಆನ್ ಮಗಸ್ಸಯೊ?’, ಅಂದರೆ ‘ಊಟ ಮಾಡಿಲ್ವಾ?’ ಅಂತ ಕೇಳಿದಾಗ ಮಾಡದವರು ನಮ್ಮಲ್ಲಿ ‘ಇಲ್ಲ’ ಅಂತಾರೆ. ಅದನ್ನೇ ‘ಆನಿಯೊ’ ಅಂದರೆ ಕೊರಿಯನ್ನರಿಗೆ ‘ನೀವಂದದ್ದು ತಪ್ಪು, ಊಟ ಆಗಿದೆ’ ಅಂತ ಕೇಳಿಸುತ್ತದೆ. ಅವರ ‘ನೆ’ (ಹೌದು) ಒಪ್ಪೋದು ಕೇಳಿದ ಮಾತನ್ನು. ಆದ್ದರಿಂದ ಒಂದೇ ಪದಕ್ಕೆ ನಿಲ್ಲಿಸಬೇಡಿ, ಕ್ರಿಯಾಪದ ಸೇರಿಸಿ: ‘ನೆ, ಆನ್ ಮಗಸ್ಸಯೊ.’ ಈಗಾಗಲೇ ‘ಆನಿಯೊ’ ಅಂದುಬಿಟ್ಟಿದ್ದರೆ ತಕ್ಷಣ ‘ಆಜಿಕ್ ಆನ್ ಮಗಸ್ಸಯೊ’ (ಇನ್ನೂ ಮಾಡಿಲ್ಲ) ಅನ್ನಿ. ಹೂಂ ಅನ್ನಲು ತಲೆಯನ್ನು ಪಕ್ಕಕ್ಕೆ ತೂಗುವ ನಮ್ಮ ಅಭ್ಯಾಸವೂ ಅವರಿಗೆ ಅನುಮಾನದಂತೆ ಕಾಣಬಹುದು; ಮೇಲೆ ಕೆಳಗೆ ಆಡಿಸಿ.

ಅತಿಥಿಗೆ ಇನ್ನೊಂದು ಬೆಣ್ಣೆ ದೋಸೆ ಹಾಕಿಸಲು ಹೋದಾಗ ‘ಗ್ವೆನ್‌ಚಾನಾಯೊ’ ಬಂದರೆ ಅದು ಸಾಮಾನ್ಯವಾಗಿ ‘ಬೇಡ’. ನಮ್ಮ ‘ಪರವಾಗಿಲ್ಲ’ದಂತೆ ಎರಡು ಅರ್ಥದ ಮಾತು, ಕೈಸನ್ನೆ ನೋಡಿ ತಿಳಿಯಬೇಕು.

ನಮ್ಮ ‘ಆಮೇಲೆ’ ಅಲ್ಲಿ ಎರಡಾಗುತ್ತದೆ. ‘ಇತ್ತಾಗಾ’ ಅಂದರೆ ಇವತ್ತೇ, ಸ್ವಲ್ಪ ಹೊತ್ತಿಗೆ. ‘ನಾಜುಙೆ’ ಅಂದರೆ ಮುಂದೆ ಯಾವಾಗಲೋ. ಸಂಜೆ ಫೋನ್ ಮಾಡೋರು ‘ನಾಜುಙೆ’ ಅಂದರೆ ಜಾರಿಕೊಂಡಂತೆ ಕೇಳಿಸಬಹುದು. ಅವರು ‘ಯಾವಾಗಲಾದರೂ ಒಟ್ಟಿಗೆ ಊಟ ಮಾಡೋಣ’ ಅಂದರೆ ಅದು ಬಹುಪಾಲು ‘ಒಮ್ಮೆ ಮನೆ ಕಡೆ ಬರ್ರಿ’ ಇದ್ದಂತೆ. ದಿನ ಹೇಳಿದರೆ ಮಾತ್ರ ಕರೆ.

ತಿಳಿಯದಾಗ ‘ಮ್ವ?’ (ಏನು?) ಅನ್ನಬೇಡಿ, ಹಿರಿಯರಿಗೆ ಅದು ‘ಏನೋ?’ ಅಂದಂತೆ. ದನಿ ಏರಿಸಿ ‘ನೆ?’ ಅನ್ನಬಹುದು, ಆದರೆ ಅವರು ಇಡೀ ವಾಕ್ಯವನ್ನು ಅದೇ ವೇಗದಲ್ಲಿ ಮತ್ತೆ ಹೇಳಿಬಿಡಬಹುದು. ತಪ್ಪಿದ ತುಂಡನ್ನಷ್ಟೇ ಹಿಡಿಯಿರಿ: ‘ಅದಿಯೊ?’ (ಎಲ್ಲಿ?), ‘ಅನ್ಜೆಯೊ?’ (ಯಾವಾಗ?). ಅರ್ಧ ತಿಳಿದಿದ್ದರೆ ಕೇಳಿಸಿದ್ದನ್ನೇ ಮುಂದಿಡಿ: ‘ನೆಯಿಲ್ ಮಾರಿಎಯೊ?’, ‘ನಾಳೆ ಅಂತಾನಾ?’ ನಿಮ್ಮ ಮಾತನ್ನು ಅವರು ತಪ್ಪು ತಿಳಿದರೆ ‘ಕುಗೆ ಆನಿರಾ, ಜೆ ಮಾರುನ್...’ (ಹಾಗಲ್ಲ, ನಾ ಹೇಳಿದ್ದು...) ಅಂತ ಶುರುಮಾಡಿ, ಚಿಕ್ಕ ವಾಕ್ಯದಲ್ಲಿ ಮುಗಿಸಿ.

ನಿಘಂಟಿನಲ್ಲಿ ‘ನೀವು’ ಹುಡುಕಿದರೆ ‘ತಾಂಗ್‌ಶಿನ್’ ಸಿಗುತ್ತದೆ. ಅದು ಗಂಡ-ಹೆಂಡತಿ ಆಡುವ ಮಾತು, ಇಲ್ಲವೇ ಜಗಳದ್ದು. ಸರ್ವನಾಮ ಬಿಟ್ಟೇ ಮಾತಾಡಿ. ಬೇಕಾದರೆ ಹೆಸರಿಗೆ ‘ಶ್ಶಿ’ ಸೇರಿಸಿ. ಬರೀ ಮನೆತನದ ಹೆಸರಿಗೆ ಸೇರಿಸಿದರೆ ಮರ್ಯಾದೆ ಕಮ್ಮಿಯಾಗುತ್ತದೆ. ವಯಸ್ಸು ಕೇಳಿದರೆ ಕೆಣಕಿದರು ಅಂದುಕೊಳ್ಳಬೇಡಿ. ಯಾವ ಮಟ್ಟದ ಗೌರವ ಬಳಸಬೇಕೆಂದು ತಿಳಿಯಲು ಕೇಳುತ್ತಾರೆ.

ಇನ್ನು ಉಚ್ಚಾರ. ‘ಖಫಿ’ ಅಂದರೆ ಕಾಫಿ, ‘ಖೊಫಿ’ ಅಂದರೆ ಮೂಗಿನಿಂದ ಸುರಿಯುವ ರಕ್ತ. ಎದುರಿನವರು ನಕ್ಕರೆ ಅದನ್ನೇ ಗಟ್ಟಿಯಾಗಿ ಹೇಳಬೇಡಿ, ಬರೋದು ರಕ್ತವೇ. ‘ಮಾಶಿನುನ್ ಗ’, ಕುಡಿಯೋದು, ಅಂತ ಸೇರಿಸಿ.