ವಿಮಾನ ದುರಂತದ ತನಿಖಾ ವರದಿ ಓದುವುದು ಹೇಗೆ?

ಅಂಗಡಿ ಜಗಲಿಯಲ್ಲಿ ಮಂಗಳೂರಿನ ಬಜ್ಪೆ ವಿಮಾನ ದುರಂತದ ಮಾತು ಬಂದರೆ ಚರ್ಚೆ ಎರಡರಲ್ಲಿ ಒಂದು ವಾಕ್ಯಕ್ಕೆ ನಿಂತುಬಿಡುತ್ತದೆ. ಒಂದು, ‘ಕ್ಯಾಪ್ಟನ್ ನಿದ್ದೆ ಮಾಡ್ತಿದ್ದನಂತೆ.’ ಇನ್ನೊಂದು, ‘ಗುಡ್ಡದ ಮೇಲೆ ಅಷ್ಟು ಗಿಡ್ಡ ರನ್‌ವೇ ಕಟ್ಟಿದ್ದೇ ತಪ್ಪು.’ 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರಲ್ಲಿ 166 ಜನರಿದ್ದರು. ಬದುಕುಳಿದವರು 8 ಮಂದಿ. ಮಿಕ್ಕ 158 ಜೀವ ಹೋದದ್ದು ಏಕೆ ಎಂದು ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ವಿವರವಾಗಿ ಬರೆದಿದೆ. ವರದಿ ಇಂಗ್ಲಿಷಿನಲ್ಲಿದೆ, ದಪ್ಪಗೂ ಇದೆ. ಆದರೆ ಓದುವ ಕ್ರಮ ಗೊತ್ತಿದ್ದರೆ ಎಂಜಿನಿಯರೇ ಆಗಬೇಕಿಲ್ಲ, ಒಂದು ಭಾನುವಾರ ಸಾಕು.

ಮೊದಲು ಪುಟಗಳ ವಿನ್ಯಾಸ ತಿಳಿದುಕೊಳ್ಳಿ. ಜಗತ್ತಿನ ಎಲ್ಲ ವಿಮಾನ ಅಪಘಾತ ವರದಿಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನವು: ನಡೆದ ಸಂಗತಿ, ಅದರ ವಿಶ್ಲೇಷಣೆ, ತೀರ್ಮಾನ, ಸುರಕ್ಷತಾ ಶಿಫಾರಸು. ಪತ್ತೇದಾರಿ ಕಾದಂಬರಿಯ ಕೊನೆಯ ಪುಟ ಮೊದಲೇ ನೋಡುವ ಚಪಲ ನಮಗೆಲ್ಲ ಇದ್ದದ್ದೇ. ಇಲ್ಲಿ ಅದನ್ನು ತಡೆದುಕೊಳ್ಳಿ. ‘ಸಂಭವನೀಯ ಕಾರಣ’ ಎಂಬ ಪ್ಯಾರಾ ಓದಿಬಿಟ್ಟರೆ ಮಿಕ್ಕಿದ್ದು ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ಮಾತು: ಈ ವರದಿಗಳು ಬರೆಯಲ್ಪಡುವುದು ಮತ್ತೆ ಹಾಗಾಗದಿರಲಿ ಎಂದು, ಯಾರನ್ನೋ ಕಟಕಟೆಗೆ ನಿಲ್ಲಿಸಲು ಅಲ್ಲ.

ಎರಡನೆಯದು, ಅಡ್ಡಿಯಾಗದೆ ಇದ್ದದ್ದನ್ನು ಗೆರೆ ಎಳೆದು ತೆಗೆದುಹಾಕಿ. ಅಂದು ಮಂಗಳೂರಿನಲ್ಲಿ ಮಳೆ ಇರಲಿಲ್ಲ, ಗಾಳಿ ಶಾಂತ, ರನ್‌ವೇ ಕಾಣುವಷ್ಟು ಬೆಳಕು. ಕ್ಯಾಪ್ಟನ್‌ಗೆ 10 ಸಾವಿರ ಗಂಟೆಗೂ ಮೀರಿದ ಹಾರಾಟದ ಅನುಭವ, ಈ ನಿಲ್ದಾಣವೂ ಹೊಸದಲ್ಲ. ಹವಾಮಾನ ಮತ್ತು ಸಿಬ್ಬಂದಿಯ ಅನುಭವದ ಅಧ್ಯಾಯಗಳನ್ನು ಇಷ್ಟಕ್ಕೇ ಮಡಚಿಡಬಹುದು.

ಮೂರನೆಯ ಹಂತದಲ್ಲಿ ಮಾತ್ರ ಪೆನ್ಸಿಲ್, ಕಾಗದ ಬೇಕು. ಕೊನೆಯ ನಿಮಿಷಗಳ ಅಂಕಿಗಳನ್ನು ಜೋಡಿಯಾಗಿ ಬರೆಯಿರಿ: ಎಷ್ಟಿರಬೇಕಿತ್ತು, ಎಷ್ಟಿತ್ತು. ರನ್‌ವೇಯ ಅಂಚು ದಾಟುವಾಗ ಎತ್ತರ 50 ಅಡಿ ಇರಬೇಕಿತ್ತು, ಸುಮಾರು 200 ಅಡಿ ಇತ್ತು. ವೇಗ 144 ನಾಟ್ ಇರಬೇಕಿತ್ತು, 160 ಮೀರಿತ್ತು. ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ಆಚೆ. ಬಜ್ಪೆಯ ರನ್‌ವೇ ಇರುವುದೇ 8,033 ಅಡಿ. ಹಾಗಾದರೆ ರನ್‌ವೇ ಗಿಡ್ಡವಾಗಿತ್ತೇ? ಅಲ್ಲ, ಅದರ ಮೂರರಲ್ಲಿ ಎರಡು ಪಾಲು ವಿಮಾನದ ಅಡಿಯಲ್ಲಿ ಸುಮ್ಮನೆ ಸರಿದುಹೋಗಿತ್ತು. ಅಷ್ಟಾದ ಮೇಲೂ ಪೂರ್ಣ ಶಕ್ತಿಯಿಂದ ಬ್ರೇಕ್ ಒತ್ತಿ ರಿವರ್ಸರ್ (ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ಬಳಸಿದ್ದರೆ ವಿಮಾನ ರನ್‌ವೇ ಒಳಗೇ ನಿಲ್ಲಬಹುದಿತ್ತು ಎನ್ನುತ್ತದೆ ವರದಿ. ನಡೆದದ್ದು ಬೇರೆ: ರಿವರ್ಸರ್ ತೆರೆದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ಹೊರಟರು.

ಪ್ರತಿ ಜೋಡಿಯ ಪಕ್ಕದಲ್ಲಿ ‘ಏಕೆ?’ ಎಂದು ಬರೆದು ಹಿಂದಕ್ಕೆ ನಡೆಯಿರಿ. ವಿಮಾನ ಅಷ್ಟು ಎತ್ತರದಲ್ಲಿ ಏಕಿತ್ತು? ಇಳಿಯಲು ಶುರುಮಾಡಿದ್ದು ತಡವಾಗಿ. ತಡವೇಕೆ? ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟಿತ್ತು, ಹಾಗಾಗಿ ಇಳಿಯಲು ಅನುಮತಿ ಸಿಕ್ಕಿದ್ದೇ ಮಾಮೂಲಿಗಿಂತ ಹತ್ತಿರ ಬಂದ ಮೇಲೆ. ಹಾಗೆಂದು ರೇಡಾರ್ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಬದಲಾದ ಲೆಕ್ಕಕ್ಕೆ ತಕ್ಕಂತೆ ಕಾಕ್‌ಪಿಟ್‌ನಲ್ಲಿ ಇಳಿಯುವ ಯೋಜನೆ ಆಗಲಿಲ್ಲ. ಏಕಾಗಲಿಲ್ಲ? ಕಾಕ್‌ಪಿಟ್ ಧ್ವನಿಮುದ್ರಿಕೆಯ 2 ಗಂಟೆ 5 ನಿಮಿಷದಲ್ಲಿ ಮೊದಲ 1 ಗಂಟೆ 40 ನಿಮಿಷ ಪೈಲಟ್‌ಗಳ ನಡುವೆ ಮಾತಿಲ್ಲ, ಕ್ಯಾಪ್ಟನ್‌ನ ಗೊರಕೆ ಇದೆ. ಬೆಳಗಿನ ಜಾವ ಗಾಢ ನಿದ್ದೆಯಿಂದ ಎದ್ದವನ ಕಣ್ಣು ತೆರೆದಿರುತ್ತದೆ, ತಲೆ ಇನ್ನೂ ಮಂಪರಿನಲ್ಲಿರುತ್ತದೆ. ರಾತ್ರಿ ಬಸ್ಸಿನಲ್ಲಿ ನಿದ್ದೆ ಹೋಗಿ ಹಾಸನದಲ್ಲಿ ದಡಬಡಿಸಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದರೆ ಅಂಗಡಿ ಜಗಲಿಯ ‘ನಿದ್ದೆ’ ಸುಳ್ಳಲ್ಲ, ಸರಪಳಿಯ ಒಂದು ಕೊಂಡಿ. ಸಂಭವನೀಯ ಕಾರಣವೆಂದು ವರದಿ ಬರೆದದ್ದು ಬೇರೆಯದನ್ನೇ: ಹದತಪ್ಪಿದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡಲಿಲ್ಲ. ಯಂತ್ರ ಎಚ್ಚರಿಸುತ್ತಲೇ ಇತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು, ಅಂದರೆ ಇಳಿಯುವುದು ಬಿಟ್ಟು ಮೇಲೇರಿ ಸುತ್ತಿ ಬನ್ನಿ ಎಂದು. ಅವರೇ ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲವೇಕೆ? ಹಾಗೆ ಮಾಡುವ ಅಧಿಕಾರದ ಬಗ್ಗೆ ನಿಯಮಗಳಲ್ಲೇ ಗೊಂದಲವಿತ್ತು. ನನಗೆ ಇಡೀ ವರದಿಯಲ್ಲಿ ಅತ್ಯಂತ ಸಂಕಟ ತಂದದ್ದು ಈ ಸಾಲು.

ನಾಲ್ಕನೆಯದಾಗಿ, ಅಪಘಾತ ಏಕಾಯಿತು ಎಂಬುದನ್ನೂ ಜೀವ ಏಕೆ ಹೋಯಿತು ಎಂಬುದನ್ನೂ ಬೇರೆ ಬೇರೆ ಪಟ್ಟಿ ಮಾಡಿ. ಗುಡ್ಡದ ಪ್ರಶ್ನೆ ಬರುವುದು ಎರಡನೆಯ ಪಟ್ಟಿಯಲ್ಲಿ. 1981ರ ಆಗಸ್ಟ್ 19ರಂದು ಇದೇ ಬಜ್ಪೆಯ ಹಳೆಯ ರನ್‌ವೇಯಲ್ಲಿ, ಮಳೆಯಲ್ಲಿ, ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ಕೊನೆ ದಾಟಿ ಮುಂದೆ ಹೋಯಿತು. ವೀರಪ್ಪ ಮೊಯಿಲಿ ಅದರಲ್ಲಿದ್ದರು. ವಿಮಾನ ಗುಜರಿಗೆ ಹೋಯಿತು, ಪ್ರಯಾಣಿಕರೆಲ್ಲ ಮನೆಗೆ ಹೋದರು, ಏಕೆಂದರೆ ಅದು ಅಂಚು ದಾಟಿದ ಕೂಡಲೇ ನಿಂತಿತು. 2010ರಲ್ಲಿ ರನ್‌ವೇಯ ಕೊನೆ, ಮರಳಿನ ಹಾಸು ಎಲ್ಲ ದಾಟಿ, ರೆಕ್ಕೆ ಕಾಂಕ್ರೀಟ್ ಕಟ್ಟೆಯ ಮೇಲಿನ ಲೋಕಲೈಸರ್ (ಇಳಿಯುವ ವಿಮಾನಕ್ಕೆ ರನ್‌ವೇಯ ನೇರ ತೋರಿಸುವ) ಆಂಟೆನಾಕ್ಕೆ ಬಡಿದು ವಿಮಾನ ಕಣಿವೆಗೆ ಉರುಳಿತು. ಬಡಿದರೆ ತಾನೇ ಮುರಿದು ಬೀಳುವಂಥ ರಚನೆಗಳಿರಬೇಕು ಎಂಬ ಶಿಫಾರಸು ಹುಟ್ಟಿದ್ದು ಹೀಗೆ.

ಕೊನೆಗೆ ಶಿಫಾರಸುಗಳ ಪುಟ. ಒಂದೊಂದನ್ನೂ ಮೇಲಿನ ಯಾವ ‘ಏಕೆ’ಗೆ ಉತ್ತರ ಎಂದು ಗುರುತು ಹಾಕಿ. ಆಮೇಲೆ 2020ರ ಆಗಸ್ಟ್ 7ರ ಕೋಯಿಕ್ಕೋಡ್ ಅಪಘಾತದ ವರದಿ ತೆರೆಯಿರಿ. ಅದೇ ಸಂಸ್ಥೆ, ಅದೇ ಮಾದರಿಯ ಬೋಯಿಂಗ್ 737, ಅಂಥದ್ದೇ ಗುಡ್ಡ. ಮಳೆ, ಹಿಂಗಾಳಿ ಮಾತ್ರ ಹೊಸತು. ವಿಮಾನ ನೆಲ ಮುಟ್ಟಿದ್ದು ಅರ್ಧ ರನ್‌ವೇ ಕಳೆದ ಮೇಲೆ. ಅಲ್ಲೂ ಸಹ ಪೈಲಟ್ ‘ಗೋ ಅರೌಂಡ್’ ಎಂದಿದ್ದರು. ಅಲ್ಲೂ ಅವರ ಕೈ ಕಂಟ್ರೋಲಿಗೆ ಹೋಗಲಿಲ್ಲ.