ಅಲ್ಯೂಮಿನಿಯಂಗೆ ಪೇಂಟಾ? ಕೆಮಿಕಲ್ ನೋಡ್ಕೊಂಡು ಪ್ರೈಮರ್ ಹಾಕ್ರಿ

ದಾವಣಗೆರೆ ಪಿ.ಬಿ. ರೋಡಿನ ಗ್ಯಾರೇಜಲ್ಲಿ ಮೊನ್ನೆ ಒಂದು ಟೆಂಪೋ ಬಾಡಿ ನೋಡಿದೆ. ಅಲ್ಯೂಮಿನಿಯಂ ಶೀಟು, ಪೇಂಟ್ ಹೊಡೆದು ಒಂದೇ ಮಳೆಗಾಲ ಕಳೆದಿತ್ತು, ರಿವೆಟ್ ಪಕ್ಕ ಉಗುರಲ್ಲಿ ಕೆರೆದ್ರೆ ಅಂಗೈಯಗಲ ಹಕ್ಕಳೆ ಕೈಗೇ ಬಂತು. ಎಚ್ (etch) ಪ್ರೈಮರ್, ಅಂದ್ರೆ ಆಸಿಡ್ ಇರೋ ಮೊದಲ ಕೋಟು, ಅದರ ಹಳದಿ ಶೀಟ್ ಮೇಲೆ ಹಂಗೇ ಕೂತಿತ್ತು, ಎದ್ದಿದ್ದು ಅದರ ಮೇಲಿನ ಎಪಾಕ್ಸಿ (ಹಾರ್ಡ್ನರ್ ಕಲಸಿ ಹೊಡೆಯೋ ಪ್ರೈಮರ್), ಹಿಂಬದಿ ಮುಟ್ಟಿದ್ರೆ ಇನ್ನೂ ಅಂಟಂಟು. ಪೇಂಟರ್ ಏನೂ ದುಡ್ಡು ಉಳಿಸೋಕೆ ಹೋಗಿರಲಿಲ್ಲ, ಎರಡೂ ದುಬಾರಿ ಪ್ರೈಮರ್ರೇ, ಆದ್ರೆ ಒಂದಕ್ಕೊಂದು ಆಗಿಬರಲ್ಲ. ಇಂಥ ಕೆಲಸ ಎಷ್ಟೋ ಕಡೆ ನೋಡಿದೀನಿ, ಅದಕ್ಕೇ ಬರೀತಿದೀನಿ.

ಮೊದಲು ಥಿನ್ನರ್ ಬಟ್ಟೇಲಿ ಜಿಡ್ಡು ತೆಗೀರಿ, ಆಮೇಲೆ 320 ನಂಬರ್ ಪೇಪರಲ್ಲಿ ಉಜ್ರಿ. ಹಿಂದುಮುಂದು ಮಾಡಿದ್ರೆ ಜಿಡ್ಡನ್ನ ಗೀರಿನೊಳಗೆ ತುಂಬಿದಂಗೆ. ಕಬ್ಬಿಣದ ತಂತಿ ಬ್ರಷ್ ಮಾತ್ರ ಮುಟ್ಟಬ್ಯಾಡ್ರಿ, ಅದರ ಚೂರು ಶೀಟಿನೊಳಗೆ ಸಿಕ್ಕಿ ಅಲ್ಲಿಂದಲೇ ತುಕ್ಕು ಶುರು. ನೀರು ಸುರಿದು ನೋಡ್ರಿ, ಕೆಸವಿನ ಎಲೆ ಮೇಲಿನ ಹಂಗೆ ಹನಿಹನಿಯಾಗಿ ಉರುಳಿದ್ರೆ ಜಿಡ್ಡು ಇನ್ನೂ ಐತೆ.

ಈಗ ಎಲ್ಲರೂ ಎಡವೋ ಜಾಗ. ಇಲ್ಲಿಂದ ಎರಡು ದಾರಿ, ಒಂದನ್ನ ಹಿಡೀರಿ, ಎರಡನ್ನೂ ಸೇರಿಸಿದ್ರೆ ಡಬಲ್ ಗಟ್ಟಿ ಆಗುತ್ತೆ ಅನ್ಕೋಬ್ಯಾಡ್ರಿ.

ಒಂದು, ಕ್ರೋಮೇಟ್ ಕನ್ವರ್ಷನ್ ಕೋಟ್, ಅಂದ್ರೆ ಕ್ರೋಮಿಯಂ ಕೆಮಿಕಲ್ ಹಚ್ಚಿ ಶೀಟಿನ ಮೇಲೆ ತೆಳು ಪೊರೆ ಕಟ್ಟಿಸೋದು, ಅಲೋಡೈನ್ ಅಂತ ಕೇಳಿರ್ತೀರಿ. ಹಚ್ಚಿ ಒಂದೆರಡು ನಿಮಿಷಕ್ಕೆ ಶೀಟ್ ತಿಳಿ ಬಂಗಾರದ ಬಣ್ಣಕ್ಕೆ ತಿರುಗುತ್ತೆ, ಅಷ್ಟು ಹೊತ್ತೂ ಒಣಗೋಕೆ ಬಿಡಬಾರದು. ತೊಳೆಯೋಕೆ ನಮ್ಮೂರ ಬೋರ್ ನೀರು ಬ್ಯಾಡ, ಗಡಸು ನೀರು, ಒಣಗಿದ ಮೇಲೆ ಉಪ್ಪಿನ ಕಲೆ ಉಳಿದು ಪೇಂಟ್ ಕೆಳಗೆ ಗುಳ್ಳೆ ಏಳುತ್ತೆ, ಕೊನೇ ಸಲ ಡಿಸ್ಟಿಲ್ಡ್ ವಾಟರಲ್ಲೇ ತೊಳೀರಿ. ಪೊರೆ ಹಸಿ ಇದ್ದಾಗ ಬಲು ಮೆತ್ತಗೆ, ಬಟ್ಟೇಲಿ ಒರೆಸಿದ್ರೆ ಕಿತ್ತು ಬರುತ್ತೆ, ಗಾಳಿಗೇ ಒಣಗಲಿ, ಹೀಟ್ ಗನ್ ಹಿಡಿಯಬ್ಯಾಡ್ರಿ, 60 ಡಿಗ್ರಿ ದಾಟಿದ್ರೆ ಅದರ ಸತ್ವ ಹೋಗುತ್ತೆ. ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದ್ರೆ ಹೆಚ್ಚು ಹೊತ್ತು ಬಿಟ್ಟಿದೀರಿ ಅಂತ, ಉಜ್ಜಿ ಮತ್ತೆ ಮಾಡಬೇಕು. ಇದರ ಮೇಲೆ ನೇರ ಎಪಾಕ್ಸಿ ಪ್ರೈಮರ್, ಒಂದು ದಿನದೊಳಗೆ. ಎಚ್ ಪ್ರೈಮರ್ ಹಾಕಬಾರದು, ಅದರಲ್ಲಿರೋ ಫಾಸ್ಫರಿಕ್ ಆಸಿಡ್ ಅಷ್ಟು ಕಷ್ಟಪಟ್ಟು ಕಟ್ಟಿದ ಪೊರೆನ ತಿಂದುಹಾಕುತ್ತೆ. ಹಳದಿ ಕ್ರೋಮೇಟಲ್ಲಿ ಕ್ಯಾನ್ಸರ್ ತರೋ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತೆ, ಗ್ಲೌಸ್ ಇಲ್ಲದೆ ಮುಟ್ಟಬ್ಯಾಡ್ರಿ, ತೊಳೆದ ನೀರನ್ನ ಚರಂಡಿಗೆ ಬಿಡಲೇಬ್ಯಾಡ್ರಿ. ಅಷ್ಟು ಅಪಾಯ ಇಲ್ಲದ ಟ್ರೈವೇಲೆಂಟ್ ಕ್ರೋಮಿಯಂದು ಸಿಕ್ಕರೆ ಅದನ್ನೇ ತಗೊಳ್ರಿ, ಬಣ್ಣ ಅಷ್ಟಾಗಿ ಕಾಣಲ್ಲ, ಕೆಲಸ ಮಾಡುತ್ತೆ.

ಇನ್ನೊಂದು ದಾರಿ ಎಚ್ ಪ್ರೈಮರ್. ಇಲ್ಲಿ ಆಸಿಡ್ಡೇ ಬರೀ ಲೋಹನ ಕಚ್ಚಿ ಹಿಡಿಯೋದು, ಹಂಗಾಗಿ ಕೆಳಗೆ ಬೇರೇನೂ ಬ್ಯಾಡ. ಬರೀ 8ರಿಂದ 12 ಮೈಕ್ರಾನ್, ಹೊಡೆದ ಮೇಲೂ ಶೀಟಿನ ಹೊಳಪು ಕಾಣ್ತಿರಬೇಕು, ದಪ್ಪ ಆದ್ರೆ ಆಸಿಡ್ ಒಳಗೇ ಉಳಿಯುತ್ತೆ. ಇದರ ಮೇಲೆ ಎರಡು ಡಬ್ಬಿ ಕಲಸೋ ಪಿಯು (ಪಾಲಿಯುರಿಥೇನ್) ಸರ್ಫೇಸರ್, ಅಂದ್ರೆ ಮೇಲ್ಮೈ ಸಮ ಮಾಡೋ ಕೋಟು, ಹೊಡೀರಿ. ಎಪಾಕ್ಸಿ ಬ್ಯಾಡ, ಅದನ್ನ ಗಟ್ಟಿ ಮಾಡೋ ಹಾರ್ಡ್ನರ್ ಅಮೈನ್ ಅನ್ನೋ ಕ್ಷಾರದ ಜಾತಿದು, ಉಳಿದ ಆಸಿಡ್ ಅದನ್ನ ಹಿಡ್ಕೊಂಡುಬಿಡುತ್ತೆ, ಎಪಾಕ್ಸಿ ಸರಿಯಾಗಿ ಗಟ್ಟಿ ಆಗಲ್ಲ. ಆ ಟೆಂಪೋಗೆ ಆಗಿದ್ದು ಇದೇ. ತಗ್ಗು ತುಂಬೋ ಪಾಲಿಯೆಸ್ಟರ್ ಪುಟ್ಟಿನೂ ಎಚ್ ಪ್ರೈಮರ್ ಮೇಲೆ ನೇರ ಎಳೀಬ್ಯಾಡ್ರಿ.

ನನ್ನ ಕೇಳಿದ್ರೆ ಮಳೇಲಿ ನಿಲ್ಲೋ ಬಾಡಿಗೆ ಕನ್ವರ್ಷನ್ ಮೇಲೆ ಎಪಾಕ್ಸಿನೇ, ಎಚ್ ಪ್ರೈಮರ್ ಸಣ್ಣಪುಟ್ಟ ಪೀಸಿಗೆ. ಹಾರ್ಡ್‌ವೇರ್ ಅಂಗಡೀಲಿ ಅಲ್ಯೂಮಿನಿಯಂಗೂ ನಡೆಯುತ್ತೆ ಅಂತ ಕೊಡೋ ರೆಡ್ ಆಕ್ಸೈಡು, ತುಕ್ಕು ತೆಗೆಯೋ ನೀರು, ಇವೆರಡೂ ಕಬ್ಬಿಣದ ಸಾಮಾನು, ವಾಪಸ್ ಕೊಟ್ಟು ಬರ್ರಿ.

ಟಾಪ್ ಕೋಟ್ ಎಲ್ಲರಿಗೂ ಗೊತ್ತಿರೋದೇ, ಮಂಡಕ್ಕಿ ಭಟ್ಟಿ ಕಡೆ ಶೆಡ್ ಇದ್ದೋರು ಮಸಿ ಬೀಳದಂಗೆ ಪರದೆ ಕಟ್ರಿ ಸಾಕು.

ಇಡೀ ಬಾಡಿಗೆ ಹೊಡೆಯೋಕೆ ಮುಂಚೆ ಒಂದು ತುಂಡು ಶೀಟಿಗೆ ಎಲ್ಲಾ ಕೋಟೂ ಹಾಕಿ ಒಂದು ವಾರ ಬಿಡ್ರಿ. ಆಮೇಲೆ ರಾತ್ರಿಯೆಲ್ಲಾ ಬಕೆಟ್ ನೀರಲ್ಲಿ ಮುಳುಗಿಸಿ, ಬೆಳಗ್ಗೆ ಒರೆಸಿ, ಬ್ಲೇಡಲ್ಲಿ ಉದ್ದ 6 ಅಡ್ಡ 6 ಗೆರೆ ಲೋಹ ಮುಟ್ಟೋವರೆಗೂ ಕೊಯ್ದು, ಟೇಪ್ ಒತ್ತಿ ಎಳೀರಿ. ಟೇಪಿಗೆ ಚೌಕ ಅಂಟಿ ಬಂದ್ರೆ ಅದರ ಬೆನ್ನು ನೋಡ್ರಿ: ಪ್ರೈಮರ್ರೂ ಜೊತೆಗೇ ಎದ್ದಿದ್ರೆ ತೊಳೆದಿದ್ದು ಸರಿಯಿಲ್ಲ, ಪ್ರೈಮರ್ ಶೀಟ್ ಮೇಲೇ ಉಳಿದಿದ್ರೆ ಅದರ ಮೇಲೆ ಹಾಕಿದ ಕೋಟ್ ಬದಲಾಯಿಸ್ರಿ.