ಶಾಲೆ ಬಿಟ್ಮೇಲೆ ಕನ್ನಡ ಕಾದಂಬರಿ ಮುಟ್ಟೇ ಇಲ್ವಾ? ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳ್ತೀನಿ ಬನ್ನಿ

ಹೋದ್ ಯುಗಾದಿಗೆ ನಮ್ಮ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಅವನಿಗೆ, ಊಟ ಆದ್ಮೇಲೆ ನನ್ನ ಪುಸ್ತಕದ ಬೀರು ಮುಂದೆ ನಿಂತ್ಕೊಂಡು "ಅಕ್ಕಾ, ಕನ್ನಡದಲ್ಲಿ ಒಂದ್ ಒಳ್ಳೆ ಕಾದಂಬರಿ ಕೊಡೇ" ಅಂದ. ನಾನೂ ಪೆದ್ದಿ, ಅಭಿಮಾನ ಉಕ್ಕಿ ಬಂದು ಸೀದಾ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೊಟ್ಟು ಕಳಿಸ್ದೆ. ದೀಪಾವಳಿಗೆ ವಾಪಸ್ ಬಂತು, ಮೂವತ್ತನೇ ಪುಟದ ಹತ್ರ ಬಸ್ ಟಿಕೆಟ್ ಇಟ್ಟಿದ್ದು ಹಾಗೇ ಇತ್ತು. ಪಾಪ ಅವನ ತಪ್ಪೇನಿಲ್ಲ, ಹತ್ತು ವರ್ಷ ನಡೆದೇ ಇಲ್ದಿರೋನನ್ನ ಕುಮಾರಪರ್ವತ ಹತ್ತು ಅಂತ ಕಳಿಸಿದ್ದು ನಾನು.

ಅವತ್ತಿಂದ ಯಾರಾದ್ರೂ ಕೇಳಿದ್ರೆ "ಕನ್ನಡದ ಶ್ರೇಷ್ಠ ಕಾದಂಬರಿ" ಪಟ್ಟಿ ಕೊಡೋದು ಬಿಟ್ಟಿದೀನಿ. ಯಾವುದು ದೊಡ್ಡದು ಅನ್ನೋದು ಒಂದು ವಿಷ್ಯ, ಯಾವುದನ್ನ ಮೊದಲು ಕೈಗೆತ್ಕೋಬೇಕು ಅನ್ನೋದು ಪೂರ್ತಿ ಬೇರೆ ವಿಷ್ಯ. ಜ್ಞಾನಪೀಠ ನೋಡಿ ಶುರು ಮಾಡ್ಬೇಡಿ, ಪುಟ ನೋಡಿ, ಕಿವಿ ನೋಡಿ. ಪುಟ ಅಂದ್ರೆ ನೂರೈವತ್ತರ ಆಸುಪಾಸು ಇರ್ಲಿ. ಕಿವಿ ಅಂದ್ರೆ ಆ ಪುಸ್ತಕದಲ್ಲಿ ಮಾತಾಡೋರ ಭಾಷೆ ನಿಮ್ಮ ಕಿವಿಗೆ ಒಂದ್ಸಲನಾದ್ರೂ ಬಿದ್ದಿರ್ಬೇಕು, ನಿಮ್ಮಜ್ಜಿ ಬಾಯಲ್ಲೋ ಪಕ್ಕದ್ಮನೆಯವರ ಬಾಯಲ್ಲೋ. ಕನ್ನಡ ಓದೋಕೆ ಕಷ್ಟ ಅನ್ನೋರಿಗೆ ಸುಮಾರು ಸಲ ಕಷ್ಟ ಆಗಿರೋದು ಕನ್ನಡ ಅಲ್ಲ, ಬೇರೆ ಜಿಲ್ಲೆ ಕನ್ನಡ.

ಮೊದಲ್ನೇ ಪುಸ್ತಕಕ್ಕೆ ನನ್ನ ಉತ್ತರ ಯಾವಾಗ್ಲೂ ಒಂದೇ, ತೇಜಸ್ವಿಯ 'ಕರ್ವಾಲೊ'. 1980ರಲ್ಲಿ ಬಂದಿದ್ದು, ಇವತ್ತಿಗೂ ನಿನ್ನೆ ಬರೆದಂಗಿದೆ. ಮೂಡಿಗೆರೆ ಜೇನು ಸೊಸೈಟಿಗೆ ಜೇನುತುಪ್ಪ ತರೋಕೆ ಹೋಗೋ ಕಡೆಯಿಂದ ಶುರುವಾಗುತ್ತೆ, ಆಮೇಲೆ ಮಂದಣ್ಣ ಬರ್ತಾನೆ, ಬಿರ್ಯಾನಿ ಕರಿಯಪ್ಪ ಬರ್ತಾನೆ, ಎಂಗ್ಟ ಬರ್ತಾನೆ, ಕಿವಿ ಅನ್ನೋ ನಾಯಿ ಬರುತ್ತೆ, ನೀವು ನಗ್ತಾ ನಗ್ತಾ ಹೋಗ್ತಾ ಇದ್ದಂಗೇ ಹಾರೋ ಓತಿಕ್ಯಾತದ ಹಿಂದೆ ಕಾಡೊಳಗೆ ಬಂದ್ಬಿಟ್ಟಿರ್ತೀರ, ಯಾವಾಗ ಬಂದ್ರಿ ಅಂತ ನಿಮಗೇ ಗೊತ್ತಿರಲ್ಲ. ಕೊನೇ ಪುಟ ಹೇಳಲ್ಲ ನಾನು. ಇದಾದ್ಮೇಲೆ 'ಜುಗಾರಿ ಕ್ರಾಸ್' ಓದ್ಕೊಳ್ಳಿ, 'ಚಿದಂಬರ ರಹಸ್ಯ'ಕ್ಕೆ ಪ್ರಶಸ್ತಿ ಬಂದಿದೆ ನಿಜ, ಆದ್ರೆ ಅದಕ್ಕೆ ಸ್ವಲ್ಪ ತಾಳ್ಮೆ ಬೇಕು, ಆಮೇಲಿರ್ಲಿ. ಒಂದೇ ಎಚ್ಚರಿಕೆ, ತೇಜಸ್ವಿ ಹತ್ರಾನೇ ನಿಂತ್ಬಿಡ್ಬೇಡಿ. ನನಗೆ ಗೊತ್ತಿರೋ ಎಷ್ಟೋ ಜನ ಕಾಲೇಜಲ್ಲಿ ತೇಜಸ್ವಿ ಓದಿ, ಚಾರಣ ಹೋಗಿ, ಅಲ್ಲಿಗೇ ಕನ್ನಡ ಸಾಹಿತ್ಯ ಮುಗೀತು ಅಂತ ಕೂತಿದಾರೆ.

ಎರಡ್ನೇ ಪುಸ್ತಕ ನಿಮ್ಮ ಊರು ನೋಡಿ ಆರಿಸ್ಕೊಳ್ಳಿ. ಪುತ್ತೂರು ಸುಳ್ಯ ಕಡೆಯವರಾದ್ರೆ ಕಾರಂತರ 'ಬೆಟ್ಟದ ಜೀವ'. ಸುಬ್ರಹ್ಮಣ್ಯದ ಕಡೆ ಕಾಡಲ್ಲಿ ದಾರಿ ತಪ್ಪಿದ ಒಬ್ಬ ಮನುಷ್ಯ ಗೋಪಾಲಯ್ಯನ ಮನೆಗೆ ಬಂದು ಸೇರ್ತಾನೆ, ಬಿಸಿನೀರು, ಊಟ, ಮಾತು, ಇನ್ನೂ ನಾಲ್ಕ್ ದಿನ ಇರಿ ಅನ್ನೋ ಬಲವಂತ, ಕಥೆ ಅಂತ ನೋಡಿದ್ರೆ ಅಷ್ಟೇ. ಆದ್ರೆ ಮನೆ ಬಿಟ್ಟು ಹೋದ ಮಗನ ಬಗ್ಗೆ ಆ ಮುದುಕ ಎಷ್ಟು ಮಾತಾಡ್ತಾನೆ ಎಷ್ಟು ಮಾತಾಡಲ್ಲ ಅಂತ ಗಮನ ಇಟ್ಟು ಓದಿ, ಶಂಕರಮ್ಮ ಎಲ್ಲಿ ಸುಮ್ನಾಗ್ತಾರೆ ನೋಡಿ. ಮಕ್ಕಳು ಅಮೆರಿಕದಲ್ಲಿರೋ ಅಪ್ಪ ಅಮ್ಮಂದಿರಿಗೆ ಈ ಪುಸ್ತಕ ಕೊಡೋಕೆ ನನಗೆ ಧೈರ್ಯ ಸಾಲಲ್ಲ. ಕಾರಂತರನ್ನ ಶುರು ಮಾಡೋಕೆ 'ಮೂಕಜ್ಜಿಯ ಕನಸುಗಳು' ಕೊಡ್ತಾರೆ ಎಲ್ರೂ, ಜ್ಞಾನಪೀಠ ಅದಕ್ಕೇ ಬಂದಿದ್ದು ಅಂತ, ನನಗೇನೋ ಅದರಲ್ಲಿ ಅಜ್ಜಿಗಿಂತ ಕಾರಂತರೇ ಜಾಸ್ತಿ ಮಾತಾಡ್ತಾರೆ ಅನ್ಸುತ್ತೆ, ಬೈಯೋರು ಬೈಕೊಳ್ಳಿ.

ಮೈಸೂರು, ನಂಜನಗೂಡು, ಚಾಮರಾಜನಗರ ಕಡೆಯವರಾದ್ರೆ ದೇವನೂರ ಮಹಾದೇವರ 'ಒಡಲಾಳ'. ತುಂಬಾ ಚಿಕ್ಕದು, ಒಂದು ಭಾನುವಾರ ಮಧ್ಯಾಹ್ನಕ್ಕೆ ಮುಗಿಯುತ್ತೆ. ಸಾಕವ್ವನ ಹುಂಜ ಕಳೆದುಹೋಗಿದೆ, ಅದನ್ನ ಹುಡುಕ್ತಾ ಹೋಗ್ತಾಳೆ. ಮನೆಮಂದಿ ಎಲ್ಲ ರಾತ್ರಿ ಕೂತು ಕಡ್ಲೆಕಾಯಿ ತಿನ್ನೋ ಸೀನ್ ಇದೆಯಲ್ಲ, ಹಸಿವಿನ ಬಗ್ಗೆ ಅಷ್ಟು ಸಂತೋಷವಾಗಿ ಬರೆದಿದ್ದನ್ನ ನಾನು ಬೇರೆಲ್ಲೂ ಓದಿಲ್ಲ. 'ಕುಸುಮಬಾಲೆ' ಮಾತ್ರ ಆಮೇಲೆ, ಅದೂ ಜೋರಾಗಿ ಓದ್ಬೇಕು. ಕಣ್ಣಲ್ಲಿ ಓದಿದ್ರೆ ಎರಡ್ ಪುಟಕ್ಕೆ ತಲೆನೋವು, ಬಾಯ್ಬಿಟ್ಟು ಓದಿದ್ರೆ ಹಾಡಿನ ಥರ ಹೋಗುತ್ತೆ, ದೀಪದ ಜೋತಮ್ಮಂದಿರೆಲ್ಲ ಒಂದು ಕಡೆ ಸೇರಿ ಊರಿನ ಸುದ್ದಿ ಮಾತಾಡ್ಕೊಳ್ಳೋದು ಅವರ ದನಿಯಲ್ಲೇ ಕೇಳುತ್ತೆ. ಎಲ್. ಬಸವರಾಜು ಅವರು ಇದನ್ನ ಸಾಲು ಒಡೆದು ಪದ್ಯದ ಥರ ಜೋಡಿಸಿ ಕೊಟ್ಟಿದಾರೆ, ಸಿಕ್ಕಿದ್ರೆ ಅದನ್ನೇ ಹಿಡೀರಿ, ಉಸಿರು ಎಲ್ಲಿ ತಗೋಬೇಕು ಅಂತ ಗೊತ್ತಾಗುತ್ತೆ.

ಬೆಳಗಾವಿ ವಿಜಯಪುರ ಧಾರವಾಡದ ಕಡೆಯವರು 'ಗ್ರಾಮಾಯಣ' ಹಿಡೀರಿ, ರಾವಬಹಾದ್ದೂರರದ್ದು, 1957ರದ್ದು, ಆದ್ರೆ ಅದು ದಪ್ಪ ಪುಸ್ತಕ ಅಂತ ಮೊದ್ಲೇ ಹೇಳ್ತೀನಿ. ಕಲಬುರಗಿ ಕಡೆಗೆ ಗೀತಾ ನಾಗಭೂಷಣ ಅವರ 'ಬದುಕು'. ನಾನು ಮೈಸೂರು ಸೀಮೆಯವಳು, 'ಬದುಕು' ಓದುವಾಗ ಮೊದಲ ಐವತ್ತು ಪುಟ ನನಗೂ ತಡವರಿಸ್ತು, ಕಲಬುರಗಿಯ ಗೆಳತಿಗೆ ಫೋನ್ ಹಚ್ಚಿ ಹಚ್ಚಿ ಕೇಳಿದೀನಿ, ಅವಳಿಗೆ ನನ್ನ ಉಚ್ಚಾರ ಕೇಳಿ ನಗು.

ಊರು ಗೀರು ಏನಿಲ್ಲ, ಹುಟ್ಟಿ ಬೆಳೆದಿದ್ದೇ ಅಪಾರ್ಟ್‌ಮೆಂಟಲ್ಲಿ ಅನ್ನೋರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಕಾಫಿ ಹೌಸು, ಇರುವೆಗಳು, ಇದ್ದಕ್ಕಿದ್ದಂಗೆ ಬಂದ ದುಡ್ಡು. ಸಣ್ಣದಿದೆ ಅಂತ ಓಡಿಸ್ಕೊಂಡು ಓದ್ಬೇಡಿ, ಮುಗಿದ ತಕ್ಷಣ ಮತ್ತೆ ಮೊದಲಿಂದ ಓದಿ, ಎರಡ್ನೇ ಸಲ ಆ ಮನೆ ಬೇರೆ ಥರಾನೇ ಕಾಣುತ್ತೆ. ಆಫೀಸ್ ರಾಜಕೀಯದಲ್ಲಿ ಬೆಂದಿರೋರು ಚಿತ್ತಾಲರ 'ಶಿಕಾರಿ' ಓದ್ಲೇಬೇಕು. 1979ರ ಪುಸ್ತಕ, ಬೊಂಬಾಯಿ, ಕೆಮಿಕಲ್ ಕಂಪನಿ, ಕಾರಣ ಹೇಳ್ದೆ ನಾಗಪ್ಪನ್ನ ಸಸ್ಪೆಂಡ್ ಮಾಡ್ತಾರೆ. ಚಿತ್ತಾಲರು ಸ್ವತಃ ಅಂಥದೇ ಉದ್ಯಮದಲ್ಲಿ ಇದ್ದೋರು, ಮೀಟಿಂಗಲ್ಲಿ ಯಾರು ಯಾಕೆ ನಕ್ರು ಅಂತ ರಾತ್ರಿಯಿಡೀ ಲೆಕ್ಕ ಹಾಕೋ ಮನಸ್ಸು ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಚಿಕ್ಕಮ್ಮನ ಮಗನಿಗೆ ಎರಡ್ನೇ ಸಲ ಕೊಟ್ಟಿದ್ದು ಇದನ್ನೇ, ಹತ್ತು ದಿನದಲ್ಲಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅಕ್ಕಾ, ಇದು ನಮ್ಮ ಮ್ಯಾನೇಜರ್ ಕಥೆ ಕಣೇ" ಅಂದ.

ಈಗ ಒಂದು ಮುಖ್ಯವಾದ ಕೆಲಸದ ಮಾತು. ಮುನ್ನುಡಿ ಬಿಟ್ಟು ಓದಿ. ನಮ್ಮಲ್ಲಿ ಮುನ್ನುಡಿ ಬರೆಯೋರು ಇಡೀ ಕಥೆ ಹೇಳಿ, ಯಾರು ಸಾಯ್ತಾರೆ ಅಂತಲೂ ಹೇಳಿ, ಅದು ಯಾತಕ್ಕೆ ಸಂಕೇತ ಅಂತಲೂ ಬಿಡಿಸಿ ಇಟ್ಬಿಡ್ತಾರೆ, ಆಮೇಲೆ ನಮಗೇನು ಉಳೀತು? ಕಾದಂಬರಿ ಮುಗಿಸಿ ಆಮೇಲೆ ಮುನ್ನುಡಿ ಓದಿ, ಆಗ ಅವರ ಜೊತೆ ಜಗಳ ಆಡೋಕೂ ಚೆನ್ನಾಗಿರುತ್ತೆ. ಬೆನ್ನುಡಿಗೂ ಇದೇ ಮಾತು. ಲೇಖಕರೇ ಬರೆದ ಒಂದೆರಡು ಸಾಲಿದ್ರೆ ಮಾತ್ರ ಓದ್ಕೊಳ್ಳಿ.

'ಮದುಮಗಳು' ವಿಷ್ಯದಲ್ಲಿ ಅಂಥಾ ಸಾಲು ಇದೆ, "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ" ಅಂತ ಶುರುವಾಗುತ್ತೆ, ಅದೇ ಆ ಪುಸ್ತಕ ಓದೋ ಕ್ರಮ ಕೂಡ. ನೀವು ಹೀರೋ ಯಾರು ಅಂತ ಹುಡುಕ್ತಾ ಕೂತ್ರೆ ಕೆಟ್ರಿ. ಗುತ್ತಿ ಅವನ ನಾಯಿ ಹುಲಿಯನ ಜೊತೆ ಹೊರಟಿದ್ದಾನಾ, ಅವನ ಹಿಂದೆ ಹೋಗಿ, ನಡುವೆ ಅವನನ್ನ ಬಿಟ್ಟು ಇನ್ಯಾರದೋ ಮನೆ ಜಗಲಿಗೆ ಹೋದ್ರಾ, ಅಲ್ಲಿ ಕೂತ್ಕೊಳ್ಳಿ, ಅವಸರ ಮಾಡ್ಬೇಡಿ. ಒಂದು ಚೀಟಿ ತಗೊಂಡು ಮನೆಗಳ ಪ್ರಕಾರ ಹೆಸರು ಬರ್ಕೊಳ್ಳಿ, ಕೋಣೂರು ಅಂದ್ರೆ ಮುಕುಂದಯ್ಯ, ಹೂವಳ್ಳಿ ಅಂದ್ರೆ ಚಿನ್ನಮ್ಮ, ಬೆಟ್ಟಳ್ಳಿ ಅಂದ್ರೆ ತಿಮ್ಮಿ, ಸಿಂಬಾವಿ ಅಂದ್ರೆ ಗುತ್ತಿ, ಹೀಗೆ. ನೂರು ಪುಟ ಆಗೋಷ್ಟ್ರಲ್ಲಿ ಚೀಟಿ ಬೇಕಾಗಲ್ಲ, ಸ್ವಂತ ನೆಂಟರ ಥರ ನೆನಪಿರ್ತಾರೆ. ಮಳೆಗಾಲದಲ್ಲಿ ಓದಿದ್ರೆ ಇನ್ನೂ ಚೆನ್ನ. ಹುಲಿಯನ ಗತಿ ಏನಾಗುತ್ತೆ ಅಂತ ಗೊತ್ತಾದ ಮೇಲೆ ನಾನು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ, ನಾಯಿ ಸಾಕಿರೋರು ಹುಷಾರು. 'ಕಾನೂರು ಹೆಗ್ಗಡತಿ' ಮೊದಲು ಓದ್ಬೇಕಾ ಅಂತ ಕೇಳ್ತಾರೆ, ಬೇಕಿಲ್ಲ, ಅದಕ್ಕೂ ಇದಕ್ಕೂ ಕಥೆಯ ಕೊಂಡಿ ಇಲ್ಲ, ನನಗಂತೂ 1936ರ ಕುವೆಂಪುಗಿಂತ 1967ರ ಕುವೆಂಪು ಇಷ್ಟ, ಮೊದಲನೆಯದರಲ್ಲಿ ಹೂವಯ್ಯ ಸ್ವಲ್ಪ ಜಾಸ್ತಿನೇ ಒಳ್ಳೆಯವನು.

ಭೈರಪ್ಪನವರ ಬಗ್ಗೆ ಎರಡು ಗುಂಪು ಇದೆ, ಪೂಜೆ ಮಾಡೋರು, ಮುಟ್ಟಲ್ಲ ಅನ್ನೋರು. ಎರಡೂ ಗುಂಪಲ್ಲಿ ಅರ್ಧ ಜನ ಓದಿರಲ್ಲ. ನೀವು 'ಗೃಹಭಂಗ'ದಿಂದ ಶುರು ಮಾಡಿ. ಪ್ಲೇಗಿನ ಕಾಲದ ಹಳ್ಳಿ, ನಂಜಮ್ಮ, ಅವಳ ಗಂಡ ಚೆನ್ನಿಗರಾಯ ಅನ್ನೋ ಹೊಟ್ಟೆಬಾಕ, ಅತ್ತೆ ಗಂಗಮ್ಮನ ಬೈಗುಳ ಅಂತೂ ಅದೇ ಒಂದು ನಿಘಂಟು. ಅಲ್ಲಿ ಅವರು ವಾದ ಮಾಡಲ್ಲ, ಕಂಡಿದ್ದನ್ನ ಹೇಳ್ತಾರೆ, ಅದಕ್ಕೇ ಅದು ಅವರ ಎಲ್ಲಾದಕ್ಕಿಂತ ದೊಡ್ಡ ಪುಸ್ತಕ ಅಂತ ನನ್ನ ಲೆಕ್ಕ. ಆಮೇಲೆ 'ಪರ್ವ', ಶಲ್ಯನ ಮನೆಯಿಂದ ಶುರುವಾಗೋ ಪವಾಡ ಇಲ್ಲದ ಮಹಾಭಾರತ, ಗಮಕ ಕೇಳಿ ಬೆಳೆದೋರಿಗೆ ಮೊದಲು ಸಿಟ್ಟು ಬರುತ್ತೆ, ಬರ್ಲಿ. 'ಆವರಣ'ದಿಂದ ಮಾತ್ರ ಶುರು ಮಾಡ್ಬೇಡಿ, ಕಾದಂಬರಿಗಿಂತ ಅದರ ಸುತ್ತ ನಡೆದ ಜಗಳಾನೇ ಮೊದಲು ತಲೆಗೆ ಹತ್ತಿರುತ್ತೆ. ಅದೇ ಥರ ಅನಂತಮೂರ್ತಿಯವರ 'ಸಂಸ್ಕಾರ'ಕ್ಕೂ ಜಗಳದ ಹೊರೆ ಇದೆ, ಆದ್ರೆ ಪುಸ್ತಕ ಚಿಕ್ಕದು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಸಂಸ್ಕಾರ ಯಾರು ಮಾಡ್ಬೇಕು, ಮಾಡೋ ತನಕ ಊಟ ಇಲ್ಲ. ಇಷ್ಟು ಗಟ್ಟಿ ಆರಂಭ ಕನ್ನಡದಲ್ಲಿ ಇನ್ನೊಂದು ತೋರಿಸಿ ನೋಡೋಣ. ಕೊನೇ ಭಾಗ, ಪ್ರಾಣೇಶಾಚಾರ್ಯರು ಊರು ಬಿಟ್ಟು ಅಲೆಯೋದು, ನನಗೆ ಸ್ವಲ್ಪ ಎಳೆದಂಗೆ ಅನ್ಸುತ್ತೆ.

ಒಂದು ಹಳೇ ಕೋಪ ಇದೆ, ಅದನ್ನೂ ಹೇಳ್ಬಿಡ್ತೀನಿ. ನಾನು ಓದ್ತಿದ್ದ ಕಾಲದಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಅಂದ್ರೆ ಮೇಷ್ಟ್ರೊಬ್ರು "ಅಡುಗೆಮನೆ ಸಾಹಿತ್ಯ" ಅಂತ ಮೂಗು ಮುರೀತಿದ್ರು, ನಾನೂ ಬುದ್ಧಿವಂತೆ ಆಗೋಕೆ ಹೋಗಿ ಹತ್ತು ವರ್ಷ ಅವರನ್ನ ಮುಟ್ಲಿಲ್ಲ, ಹಾಳು ಮಾಡ್ಕೊಂಡಿದ್ದು ನಾನೇ. ತ್ರಿವೇಣಿ ಮನಶ್ಶಾಸ್ತ್ರ ಓದಿದ್ದೋರು, 1963ರಲ್ಲಿ ತೀರಿಕೊಂಡಾಗ ಮೂವತ್ತೈದೂ ತುಂಬಿತ್ತೋ ಇಲ್ವೋ, ಅಷ್ಟರಲ್ಲಿ 'ಶರಪಂಜರ' ಬರೆದಿದ್ರು. ಬಾಣಂತನದ ನಂತರ ಮನಸ್ಸು ಕದಡಿ ವಾಸಿಯಾಗಿ ಮನೆಗೆ ಬಂದ ಹೆಂಗಸನ್ನ ಸುತ್ತಲಿನೋರು ಹೇಗೆ ನೋಡ್ತಾರೆ ಅಂತ ಆ ಕಾಲಕ್ಕೆ ಬರೆದಿದ್ದು. ಸಿನಿಮಾ ನೋಡಿದೀನಿ ಸಾಕು ಅನ್ಬೇಡಿ, ಕಲ್ಪನಾ ಮುಖ ಮರೆತು ಓದೋದು ಕಷ್ಟ ನಿಜ, ಆದ್ರೂ ಓದಿ. ಇಂದಿರಾ ಅವರ 'ಫಣಿಯಮ್ಮ' ಇನ್ನೂ ಸಣ್ಣದು, ಇನ್ನೂ ಮೊನಚು. ತೀರ್ಥಹಳ್ಳಿ ಸೀಮೆಯ ಬಾಲವಿಧವೆ, ಇಂದಿರಾ ಅವರ ಬಂಧುವೇ, ಅಡುಗೆಮನೆ ಕೂಗಳತೆಯಲ್ಲೇ ಕೂತು ಇಡೀ ಮಡಿ ಮೈಲಿಗೆಯ ಲೆಕ್ಕಾಚಾರಾನ ಸದ್ದಿಲ್ಲದೆ ತಲೆಕೆಳಗು ಮಾಡ್ತಾಳೆ. ಇವುಗಳ ಜೊತೆಗೇ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇಟ್ಕೊಳ್ಳಿ, ಮೂರನ್ನೂ ಒಂದೇ ತಿಂಗಳಲ್ಲಿ ಓದಿದ್ರೆ ಒಂದಕ್ಕೊಂದು ಮಾತಾಡ್ತವೆ.

ಥ್ರಿಲ್ಲರ್ ಬೇಕು ಅನ್ನೋರಿಗೆ ನಮ್ಮಪ್ಪನ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ, ಬಾಡಿಗೆ ಲೈಬ್ರರಿಯಿಂದ ತಂದು ಒಂದೇ ರಾತ್ರಿಗೆ ಮುಗಿಸೋದು. ಈಗಿನೋರಿಗೆ ಕೆ.ಎನ್. ಗಣೇಶಯ್ಯ ಇದಾರೆ, ಕೃಷಿ ವಿಜ್ಞಾನಿ, ಇತಿಹಾಸದ ನಿಧಿ ಗುಟ್ಟು ಎಲ್ಲ ಹಾಕಿ ಅಡಿಟಿಪ್ಪಣಿ ಸಮೇತ ಬರೀತಾರೆ, 'ಕರಿಸಿರಿಯಾನ' ನೋಡಿ. ಪಾತ್ರಗಳು ಸ್ವಲ್ಪ ರಟ್ಟಿನ ಥರ ಇರ್ತವೆ, ಪುಟ ಮಾತ್ರ ತಾನೇ ತಿರುಗುತ್ತೆ. ಐತಿಹಾಸಿಕ ಇಷ್ಟ ಇದ್ರೆ ವಸುಧೇಂದ್ರರ 'ತೇಜೋ ತುಂಗಭದ್ರಾ' ಮೊದಲು, ಲಿಸ್ಬನ್ ಒಂದು ಕಡೆ ವಿಜಯನಗರ ಇನ್ನೊಂದು ಕಡೆ, ಅದು ಹಿಡಿಸಿದ್ರೆ ತರಾಸು 'ದುರ್ಗಾಸ್ತಮಾನ', ಅದೂ ಹಿಡಿಸಿದ್ರೆ ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಈ ಕ್ರಮ ಹಿಂದುಮುಂದು ಮಾಡ್ಬೇಡಿ, ಮಾಸ್ತಿ ನಿಧಾನ.

ಐವತ್ತು ಪುಟ ಓದಿ, ಆಗ್ಲಿಲ್ವಾ, ಮುಚ್ಚಿ ಇಡಿ, ಅಪರಾಧ ಏನಿಲ್ಲ. ಆದ್ರೆ ಯಾರಿಗಾದ್ರೂ ಕೊಟ್ಬಿಡ್ಬೇಡಿ, ಐದು ವರ್ಷ ಆದ್ಮೇಲೆ ಅದೇ ಪುಸ್ತಕ ಕೈ ಹಿಡಿದು ಎಳ್ಕೊಂಡು ಹೋಗಿದ್ದು ನನಗೆ ಆಗಿದೆ. ಹಳೇ ಮುದ್ರಣ ತಗೊಳ್ಳೋಕೆ ಮುಂಚೆ ಅಂಗಡಿಯಲ್ಲೇ ಒಂದು ಪುಟ ತೆಗೆದು ಅಕ್ಷರದ ಗಾತ್ರ ನೋಡಿ, ಕೆಲವು ದಪ್ಪ ಕಾದಂಬರಿಗಳ ಅಕ್ಷರ ಸಾಸಿವೆ ಕಾಳು, ನಲವತ್ತು ದಾಟಿದ ಕಣ್ಣಿಗೆ ಶಿಕ್ಷೆ. ಬೆಂಗಳೂರಲ್ಲಿರೋರು ಒಂದು ಶನಿವಾರ ಗಾಂಧಿಬಜಾರಿನ ಅಂಕಿತ ಪುಸ್ತಕದಂಗಡಿಗೆ ಹೋಗಿ, ಕಮ್ಮಿ ದುಡ್ಡಲ್ಲಿ ಆಗ್ಬೇಕು ಅಂದ್ರೆ ಅವೆನ್ಯೂ ರೋಡಿನ ಹಳೇ ಪುಸ್ತಕದೋರ ಹತ್ರ, ಪುಟ ಪೂರ್ತಿ ಇದೆಯಾ ಅಂತ ಕೊನೇ ಪುಟದಿಂದ ಎಣಿಸಿ ತಗೊಳ್ಳಿ, ನಾನೊಮ್ಮೆ ಕೊನೇ ಎಂಟು ಪುಟ ಇಲ್ಲದ ಪತ್ತೇದಾರಿ ತಂದು ಕೊಲೆಗಾರ ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಮತ್ತೆ ಯಾರಿಗಾದ್ರೂ ಎರವಲು ಕೊಟ್ರೆ ಡೈರಿಯಲ್ಲಿ ತಾರೀಖು ಸಮೇತ ಬರೆದಿಡಿ. ನನ್ನ 'ಫಣಿಯಮ್ಮ' ಮೂರು ಪ್ರತಿ ಹೋಗಿದೆ, ಮೂವರೂ ತಗೊಂಡೇ ಇಲ್ಲ ಅಂತಾರೆ.